ಸೋನೋಗ್ರಫಿಯಲ್ಲಿ ಗೆಡ್ಡೆ ಕಾಣದಿದ್ದರೆ ಕ್ಯಾನ್ಸರ್ ಇಲ್ಲವೆಂದೇ?

ಪ್ರಶ್ನೆ: ನನ್ನ ತಂದೆಯವರಿಗೆ 68 ವರ್ಷ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕಾಗುತ್ತಿದ್ದುದರಿಂದ ಎರಡು ವರ್ಷಗಳಿಂದ, ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯನ್ನು ಕುಗ್ಗಿಸುವ ಡ್ಯುಟಾಸ್ಟೆರೈಡ್ ಇರುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಕಳೆದ ತಿಂಗಳು ರಕ್ತದಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್) 5.2 ಬಂದಿದೆ. ಹೊಟ್ಟೆಯ ಮೇಲಿನಿಂದ ಮಾಡಿದ ಸೋನೋಗ್ರಫಿಯ ರಿಪೋರ್ಟಿನಲ್ಲಿ ಪ್ರಾಸ್ಟೇಟ್ 38 ಗ್ರಾಂ ಇದೆ, ಗೆಡ್ಡೆ ಕಂಡುಬಂದಿಲ್ಲ ಎಂದು ಬರೆದಿದ್ದಾರೆ. ಆದರೂ ಯುರಾಲಜಿಸ್ಟ್ ಎಂಆರ್‌ಐ ಮಾಡಿಸಿ, ಸೂಜಿಯಿಂದ ಅಂಗಾಂಶದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯೂ ಬೇಕಾಗಬಹುದು ಎನ್ನುತ್ತಾರೆ. ಸೂಜಿ ಚುಚ್ಚಿಸಿಕೊಂಡರೆ ರೋಗ ಹರಡುತ್ತದೆಂದು ಅಪ್ಪಯ್ಯ ಒಪ್ಪುತ್ತಿಲ್ಲ. ಏನು ಮಾಡಲಿ?
– ಒಬ್ಬ ಓದುಗ, ಡೊಂಬಿವಲಿ

ಉತ್ತರ: ಯುರಾಲಜಿಸ್ಟ್ ಹೇಳಿದ್ದು ಸರಿ. ಹೊಟ್ಟೆಯ ಮೇಲಿನಿಂದ, ಮೂತ್ರಕೋಶ ತುಂಬಿಸಿಕೊಂಡು ಮಾಡುವ ಸೋನೋಗ್ರಫಿ ಪ್ರಾಸ್ಟೇಟಿನ ಗಾತ್ರವನ್ನೂ ಮೂತ್ರ ಮಾಡಿದ ಮೇಲೆ ಎಷ್ಟು ಉಳಿಯುತ್ತದೆಂಬುದನ್ನೂ ಅಳೆಯುತ್ತದೆಯೇ ಹೊರತು, ಕ್ಯಾನ್ಸರ್ ಇಲ್ಲವೆಂದು ಹೇಳುವ ಶಕ್ತಿ ಅದಕ್ಕಿಲ್ಲ. ಗುದದ್ವಾರದ ಮೂಲಕ ಪ್ರೋಬ್ ಇಟ್ಟು ಮಾಡುವ ಸೋನೋಗ್ರಫಿ ಗ್ರಂಥಿಗೆ ಬಹಳ ಹತ್ತಿರದಿಂದ ನೋಡುತ್ತದೆ, ಹೆಚ್ಚಿನ ಕ್ಯಾನ್ಸರ್‌ಗಳು ಹುಟ್ಟುವ ಹಿಂಭಾಗದ ಹೊರವಲಯವೂ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಆದರೂ ಎಲ್ಲ ಕ್ಯಾನ್ಸರ್‌ಗಳೂ ಕಪ್ಪು ಮಚ್ಚೆಯಾಗಿ ತೋರುವುದಿಲ್ಲ, ಸಾಕಷ್ಟು ಪ್ರಮಾಣದಲ್ಲಿ ಅವು ಸುತ್ತಲಿನ ಆರೋಗ್ಯವಂತ ಅಂಗಾಂಶದ ಬಣ್ಣದಲ್ಲೇ ಬೆರೆತುಬಿಡುತ್ತವೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆ ಮಾತ್ರೆ. ಡ್ಯುಟಾಸ್ಟೆರೈಡ್, ಅದೇ ಬಗೆಯ ಫಿನಾಸ್ಟೆರೈಡ್‌ಗಳನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಆದ್ದರಿಂದ ನಿಮ್ಮ ತಂದೆಯವರ 5.2 ಅನ್ನು ಸುಮಾರು 10 ಎಂದೇ ಓದಬೇಕು. ಪಿಎಸ್‌ಎಯನ್ನು ಗ್ರಂಥಿಯ ಗಾತ್ರದಿಂದ ಭಾಗಿಸಿದಾಗ ಬರುವ ಸಂಖ್ಯೆ 0.15 ದಾಟಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಮಾತ್ರೆಯನ್ನು ಮರೆತು 5.2ನ್ನು 38ರಿಂದ ಭಾಗಿಸಿದರೆ 0.14ಕ್ಕಿಂತ ಕಡಿಮೆ ಬಂದು ಎಲ್ಲರೂ ನಿರಾಳರಾಗುತ್ತಾರೆ. ಸರಿಪಡಿಸಿದ ಲೆಕ್ಕದಲ್ಲಿ ಅದು 0.27. ಮಾತ್ರೆಯಿಂದ ಗ್ರಂಥಿಯೂ ಕುಗ್ಗಿರುತ್ತದೆಂದು ಸ್ವಲ್ಪ ಬಿಟ್ಟುಕೊಟ್ಟರೂ ಗಡಿ ದಾಟುತ್ತದೆ. ಹೀಗಾಗಿ ಆ ಮಾತ್ರೆಯ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ, ಸ್ಟ್ರಿಪ್ಪನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಮೂತ್ರದ ಸೋಂಕಿದ್ದರೂ ಪಿಎಸ್‌ಎ ಏರುವುದರಿಂದ, ಅದನ್ನು ಪರೀಕ್ಷಿಸಿ ಪಿಎಸ್‌ಎಯನ್ನು ಇನ್ನೊಮ್ಮೆ ಅಳೆಯುವುದೂ ಒಳ್ಳೆಯದು.

ಇನ್ನು ಎಂಆರ್‌ಐ. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 576 ಪುರುಷರಿಗೆ ಎಂಆರ್‌ಐಯನ್ನೂ ಸೋನೋಗ್ರಫಿ ನೋಡಿಕೊಂಡು ಮಾಡುವ ಮಾಮೂಲಿ ಬಯಾಪ್ಸಿಯನ್ನೂ ಮಾಡಿ ಹೋಲಿಸಿದರು. ಚಿಕಿತ್ಸೆ ಬೇಡುವಂಥ ಕ್ಯಾನ್ಸರ್ ಇದ್ದವರ ಪೈಕಿ ಆ ಬಯಾಪ್ಸಿ ಶೇ. 48 ಮಂದಿಯಲ್ಲಿ ಮಾತ್ರ ಅದನ್ನು ಪತ್ತೆಹಚ್ಚಿದರೆ, ಎಂಆರ್‌ಐ ಶೇ. 93 ಮಂದಿಯಲ್ಲಿ ಸುಳಿವು ಕೊಟ್ಟಿತು. ಹಾಗೆಂದು ಸೋನೋಗ್ರಫಿಯ ಕೆಲಸ ಮುಗಿಯಿತೆಂದಲ್ಲ: ಎಂಆರ್‌ಐಯಲ್ಲಿ ಅನುಮಾನ ಬಂದ ಜಾಗವನ್ನು ಸೋನೋಗ್ರಫಿಯ ಪರದೆಯ ಮೇಲೆ ಹೊಂದಿಸಿಕೊಂಡು, ಸೂಜಿಯನ್ನು ಅಲ್ಲಿಗೇ ನಡೆಸುವುದು ಇಂದಿನ ಕ್ರಮ. ಎಂಆರ್‌ಐ ಶುದ್ಧವಾಗಿ ಬಂದರೂ, ಮೇಲಿನ ಲೆಕ್ಕದ ದೃಷ್ಟಿಯಿಂದ ಬಯಾಪ್ಸಿ ಬೇಕೇ ಎಂದು ಯುರಾಲಜಿಸ್ಟರನ್ನು ಕೇಳಿ.

ಸೂಜಿಯಿಂದ ರೋಗ ಹರಡುತ್ತದೆಂಬ ಭಯ ನಮ್ಮವರಲ್ಲಿ ಬಹಳ ಆಳವಾಗಿದೆ. ಪ್ರಾಸ್ಟೇಟ್ ಬಯಾಪ್ಸಿಯಲ್ಲಿ ಹಾಗಾಗುವುದು ಅತ್ಯಂತ ವಿರಳ. ನಿಜವಾಗಿ ಗಮನಿಸಬೇಕಾದದ್ದು ಸೋಂಕು ಮತ್ತು ರಕ್ತಸ್ರಾವ. ಗುದದ್ವಾರದ ಬದಲು ವೃಷಣದ ಹಿಂದಿನ ಚರ್ಮದ ಮೂಲಕ ಸೂಜಿ ಹಾಕುವ ಸೌಲಭ್ಯವಿದ್ದರೆ ಸೋಂಕಿನ ಭಯ ಕಡಿಮೆ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ತಿಳಿಸಿ; ನೀವಾಗಿಯೇ ನಿಲ್ಲಿಸಬೇಡಿ. ಎರಡನೆಯ ಅಭಿಪ್ರಾಯ ಕೇಳಿದರೆ ಅಪ್ಪಯ್ಯನಿಗೆ ಧೈರ್ಯ ಬರುವುದಾದರೆ, 1941ರಲ್ಲಿ ಆರಂಭವಾದ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ ಮುಂಬಯಿಯ ಪರೇಲಿನಲ್ಲೇ ಇದೆ. ಡೊಂಬಿವಲಿಯಿಂದ ಲೋಕಲ್ ಹಿಡಿದರೆ ಆಯಿತು. ಎಂಆರ್‌ಐಯ ಸಿಡಿ, ಹಳೆಯ ಪಿಎಸ್‌ಎ ರಿಪೋರ್ಟುಗಳೆಲ್ಲ ಒಂದೇ ಫೈಲಿನಲ್ಲಿರಲಿ.