ಸೆರೆ ಸಿಕ್ಕ ಹಡಗಿಗೆ ಮುಂದೇನು?

ಪ್ರಶ್ನೆ: ಹಾಯಿಹಡಗುಗಳ ಕಾಲದ ಯುದ್ಧಗಳಲ್ಲಿ ‘ಶತ್ರುವಿನ ಹಡಗನ್ನು ಸೆರೆಹಿಡಿದರು’ ಎಂದು ಓದುತ್ತೇವೆ. ಆಮೇಲೆ ಅದನ್ನು ಏನು ಮಾಡುತ್ತಿದ್ದರು? ಮುಳುಗಿಸಿಬಿಡುತ್ತಿದ್ದರಾ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಕೈಗೆ ಬಂದ ದುಡ್ಡನ್ನು ಯಾರಾದರೂ ನೀರಿಗೆ ಹಾಕ್ತಾರಾ? ಹಿಡಿದ ಹಡಗಿನ ಬೆಲೆಯಲ್ಲಿ ಹಿಡಿದವರಿಗೆಲ್ಲ ಪಾಲಿತ್ತು. ಬ್ರಿಟಿಷ್ ನೌಕಾಪಡೆಯಲ್ಲಿ 1808ರವರೆಗೆ ಎಂಟರಲ್ಲಿ ಮೂರು ಪಾಲು ಕ್ಯಾಪ್ಟನ್ ಲೆಕ್ಕಕ್ಕೆ, ಅದರಲ್ಲೊಂದು ಅವನ ಅಡ್ಮಿರಲ್‌ಗೆ. ನೂರಾರು ಸಾಮಾನ್ಯ ನಾವಿಕರು ಸೇರಿ ಹಂಚಿಕೊಳ್ಳುತ್ತಿದ್ದದ್ದು ಬರೀ ಎರಡು ಪಾಲು. ಅನ್ಯಾಯ ಅಲ್ವಾ? ಆದರೂ ಸುಮ್ನೆ ಬರುವ ದುಡ್ಡು, ಯಾರು ಬೇಡ ಅಂತಾರೆ?

ನಮ್ಮ ಬೀದಿಯ ಠಾಣೆ ಮುಂದೆ ಜಪ್ತಿಯಾದ ಬೈಕುಗಳ ಮೇಲೆ ಬಳ್ಳಿ ಹಬ್ಬಿದೆ. ಹಡಗನ್ನು ಹಾಗೆ ಕೊಳೆಯಲು ಬಿಡುತ್ತಿರಲಿಲ್ಲ. ನಮ್ಮ ಶ್ರೀರಂಗಪಟ್ಟಣದ ಹೆಸರು ಹೊತ್ತ ಹಡಗಿನ ಕಥೆಯನ್ನೇ ಕೇಳಿ.

‘ಸೆರಿಂಗಪಟಂ’ ಎಂಬ ತೇಗದ ಹಡಗು. ಟಿಪ್ಪುವಿನ ಯುದ್ಧಕ್ಕೆಂದು ಕಟ್ಟಿದ್ದು ಎನ್ನುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಹಡಗು ಇಂಗ್ಲೆಂಡಿನವರ ಪಾಲಾಯಿತು. ಮುಂದೆ ಅದು ತಿಮಿಂಗಿಲ ಬೇಟೆಗೆ ಇಳಿಯಿತು. ಸುಲ್ತಾನನ ಯುದ್ಧದ ಹಡಗು ತಿಮಿಂಗಿಲದ ಎಣ್ಣೆಯ ಪೀಪಾಯಿ ಹೊರುವುದೆಂದರೆ! ಆಗ ಬ್ರಿಟನ್‌ಗೂ ಅಮೆರಿಕಕ್ಕೂ ಯುದ್ಧ ನಡೆದಿತ್ತು. 1813ರ ಜುಲೈನಲ್ಲಿ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಹತ್ತಿರ ಅಮೆರಿಕದ ‘ಎಸೆಕ್ಸ್’ ನೌಕೆಯ ಕ್ಯಾಪ್ಟನ್ ಡೇವಿಡ್ ಪೋರ್ಟರ್ ಅದನ್ನು ಹಿಡಿದ. ಜಾಸ್ತಿ ತೋಪು ಏರಿಸಿ ಮತ್ತೆ ಜಗಳಕ್ಕೆ ಸಜ್ಜು ಮಾಡಿದ. ಮರುವರ್ಷ ಮೇ ತಿಂಗಳಲ್ಲಿ ಅದೇ ಸಾಗರದ ಮಾರ್ಕ್ವೆಸಾಸ್ ದ್ವೀಪಗಳಲ್ಲಿ ನಾವಿಕರು ದಂಗೆ ಎದ್ದರು. ಹಡಗನ್ನು ಹೊಡೆದುಕೊಂಡು ಸೀದಾ ಸಿಡ್ನಿಗೆ ಹೋದರು! ಕೊನೆಗೆ ಅದು ಇಂಗ್ಲೆಂಡಿನ ಮಾಲೀಕರ ಕೈ ಸೇರಿತು. ಮತ್ತೆ ತಿಮಿಂಗಿಲದ ಬೆನ್ನು ಹತ್ತಿತು.

ಹಿಡಿದವನ ಗತಿ? 1814ರ ಮಾರ್ಚ್‌ನಲ್ಲಿ ಚಿಲಿಯ ವಾಲ್ಪರೈಸೊ ಹತ್ತಿರ ‘ಎಸೆಕ್ಸ್’ ಕೂಡ ಬ್ರಿಟಿಷರಿಗೆ ಸೆರೆಸಿಕ್ಕಿತು. ಕೊನೆಗಾಲದಲ್ಲಿ ಐರ್ಲೆಂಡಿನ ಬಂದರಿನಲ್ಲಿ ತೇಲುವ ಜೈಲಾಯಿತು. 1837ರಲ್ಲಿ ಅದನ್ನು ಮಾರಿದರು. ಸಾಮಾನ್ಯವಾಗಿ ಹಡಗುಗಳು ಇಳಿಯುತ್ತಿದ್ದ ಮೆಟ್ಟಿಲು ಇದೇ. ಗಟ್ಟಿ ಇರುವಾಗ ಗೆದ್ದವರ ಬಾವುಟ ಕಟ್ಟಿಕೊಂಡು ಕಾದಾಟ. ವಯಸ್ಸಾದ ಮೇಲೆ ಹಾಯಿಕಂಬ ಕಿತ್ತು ಬಂದರಿನಲ್ಲಿ ಕಟ್ಟಿದರೆ ಜೈಲು, ಆಸ್ಪತ್ರೆ ಅಥವಾ ಕಲ್ಲಿದ್ದಲಿನ ಗೋದಾಮು.

ಅದೂ ಮುಗಿದರೆ ಮರ. 1813ರಲ್ಲಿ ಬಾಸ್ಟನ್ ಎದುರು ಸೋತ ಅಮೆರಿಕದ ‘ಚೆಸಪೀಕ್’ ಕೆಲವು ವರ್ಷ ಬ್ರಿಟಿಷ್ ಹಡಗಾಗಿ ದುಡಿಯಿತು. ಆಮೇಲೆ ಒಡೆದು ಮಾರಿದರು. ಅದರ ತೊಲೆಗಳಿಂದ 1820ರಲ್ಲಿ ಹ್ಯಾಂಪ್‌ಶೈರ್‌ನ ವಿಕ್‌ಹ್ಯಾಮ್ ಊರಿನಲ್ಲಿ ಹಿಟ್ಟಿನ ಗಿರಣಿ ಎದ್ದಿತು. ಆ ಕಟ್ಟಡ ಈಗಲೂ ನಿಂತಿದೆ.

ನನಗಿದು ವಿಚಿತ್ರ ಅನ್ನಿಸುವುದಿಲ್ಲ. ನಮ್ಮ ಮನೆಯ ಮುಂಬಾಗಿಲು ಚಾಮರಾಜಪೇಟೆಯಲ್ಲಿ ಕೆಡವಿದ ಯಾರದೋ ಮನೆಯದು. ಹಳೇ ಬೀಗದ ತೂತು ಹಾಗೇ ಉಳಿದಿದೆ. ಗಂಟೆ ಬಾರಿಸಿದರೆ ಮೊಮ್ಮಗಳು ಮೊದಲು ಅದರಲ್ಲೇ ಇಣುಕುತ್ತಾಳೆ.