ಸೈಟೇಶನ್ ನೋಡಿ ಹೃದಯದ ಡಾಕ್ಟರರನ್ನು ಆರಿಸಬಹುದೇ?

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ, ಶುಗರ್ ಉಂಟು. ಆಂಜಿಯೋಗ್ರಾಂನಲ್ಲಿ ಮೂರು ರಕ್ತನಾಳಗಳಲ್ಲಿ ಬ್ಲಾಕ್ ಕಂಡಿದೆ. ಮಂಗಳೂರಿನ ಇಬ್ಬರು ಹೃದ್ರೋಗ ತಜ್ಞರ ಹೆಸರು ಕೇಳಿಬಂತು. ಭಾವ ಸಂಶೋಧನಾ ಲೇಖನಗಳನ್ನು ಹುಡುಕುವ ಗೂಗಲ್ ಸ್ಕಾಲರ್ ತಾಣ ತೆರೆದು, ಒಬ್ಬರಿಗೆ 6,400 ಸೈಟೇಶನ್, ಎಚ್-ಇಂಡೆಕ್ಸ್ 14 ಎಂದು ತೋರಿಸಿದರು. ಇನ್ನೊಬ್ಬರದು ಹೇಳುವಷ್ಟೇನೂ ಇಲ್ಲ. ಮೊದಲನೆಯವರ ಹತ್ತಿರವೇ ಹೋಗಬೇಕೇ?
– ಓದುಗರು, ಬ್ರಹ್ಮಾವರ

ಉತ್ತರ: ನಾನು ಡಾಕ್ಟರಲ್ಲ. ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಬಹಳ ವರ್ಷ ಕೂತವನು. ಈ ಅಂಕಿಗಳ ಒಳಗೆ ಏನಿರುತ್ತದೆ ಎಂಬುದು ಮಾತ್ರ ಗೊತ್ತು.

ಸೈಟೇಶನ್ ಎಂದರೆ ಒಂದು ಲೇಖನವನ್ನು ಇನ್ನೊಂದು ಬರಹ ಉಲ್ಲೇಖಿಸುವುದು. ಎಚ್-ಇಂಡೆಕ್ಸ್ 14 ಎಂದರೆ, ತಲಾ 14 ಸಲವಾದರೂ ಉಲ್ಲೇಖಗೊಂಡ 14 ಲೇಖನಗಳಿವೆ ಎಂದರ್ಥ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಹಾಕಿಕೊಟ್ಟ ಲೆಕ್ಕ ಇದು. ಉಳಿದ ಲೇಖನಗಳಲ್ಲಿ ಯಾವುದಕ್ಕೂ 14 ದಾಟಿರುವುದಿಲ್ಲ. ಹಾಗಾದರೆ 6,400 ಎಲ್ಲಿಂದ ಬಂತು? ಸಾಮಾನ್ಯವಾಗಿ ಒಂದೆರಡು ಲೇಖನಗಳಿಂದಲೇ. ಹದಿನಾಲ್ಕು ಮರದ ತೋಟದಲ್ಲಿ ಒಂದೇ ಮರ ಐದು ಸಾವಿರ ಕಾಯಿ ಬಿಟ್ಟ ಹಾಗೆ. ಆ ಮರ ನೆಟ್ಟವರು ಯಾರು ಎಂದು ಕೇಳಲೇಬೇಕಾಗುತ್ತದೆ.

ಹೃದ್ರೋಗದಲ್ಲಿ ಇಂಥ ಮರಗಳು, ಅಂದರೆ ಬಹಳ ಜನ ಸೇರಿ ಮಾಡುವ ದೊಡ್ಡ ಅಧ್ಯಯನಗಳು, ಜಾಸ್ತಿ. ಆಸ್ಪಿರಿನ್ ಹೃದಯಾಘಾತದಲ್ಲಿ ಜೀವ ಉಳಿಸುತ್ತದೆ ಎಂದು ತೋರಿಸಿದ 1988ರ ಐಸಿಸ್-2 ಅಧ್ಯಯನದಲ್ಲಿ 417 ಆಸ್ಪತ್ರೆಗಳ 17,187 ರೋಗಿಗಳಿದ್ದರು. ಯಾವ ರೋಗದಿಂದ ಜಗತ್ತಿನಲ್ಲಿ ಎಷ್ಟು ಹಾನಿ ಎಂದು ಲೆಕ್ಕ ಹಾಕುವ ಜಾಗತಿಕ ರೋಗಭಾರದ ವರದಿಗಳಲ್ಲಂತೂ ಲೇಖಕರ ಪಟ್ಟಿಯೇ ನೂರಾರು ಹೆಸರು. ಅಂಥದ್ದರಲ್ಲಿ ಎಲ್ಲೋ ನಡುವೆ ಹೆಸರಿದ್ದರೂ ಪೂರ್ತಿ ಸೈಟೇಶನ್ ಅವರ ಖಾತೆಗೂ ಜಮಾ. ಅದರಲ್ಲಿ ಮೋಸವೇನಿಲ್ಲ, ರೋಗಿಗಳನ್ನು ಸೇರಿಸಿ ಲೆಕ್ಕ ಒಪ್ಪಿಸುವುದು ಕಷ್ಟದ ಕೆಲಸ. ಆದರೆ ಪ್ರಶ್ನೆ ಹುಟ್ಟಿದ್ದು ಅವರ ತಲೆಯಲ್ಲಿ ಎಂದು ಅದರಿಂದ ಹೇಳಲಾಗದು. ಭಾವನಿಗೆ ಹೇಳಿ, ಆ ಪಟ್ಟಿಯಲ್ಲಿ ಅವರ ಹೆಸರು ಮೊದಲು ಅಥವಾ ಕೊನೆಗೆ ಇರುವ ಲೇಖನಗಳನ್ನು ಮಾತ್ರ ಹೆಕ್ಕಿ ನೋಡಲಿ. ಸಾಮಾನ್ಯವಾಗಿ ಮೊದಲನೆಯವರು ಕೆಲಸ ಮಾಡಿದವರು, ಕೊನೆಯವರು ಮಾಡಿಸಿದವರು.

ಅದೆಲ್ಲ ಅವರದ್ದೇ ಲೇಖನಗಳೇ ಎಂಬುದನ್ನೂ ನೋಡಬೇಕು. ನಮ್ಮ ಕರಾವಳಿಯಲ್ಲಿ ಒಂದೇ ಇನಿಶಿಯಲ್‌ನ ಶೆಟ್ಟಿ, ಭಟ್, ಪೈ, ರಾವ್ ಎಷ್ಟು ಜನ! ಗೂಗಲ್ ಸ್ಕಾಲರ್ ಹೆಸರು ಹೋಲಿದರೆ ಬೇರೆಯವರ ಲೇಖನವನ್ನೂ ತಂದು ಸೇರಿಸುತ್ತದೆ. ಪ್ರಬಂಧ, ಪುಸ್ತಕಗಳಲ್ಲಿ ಬಂದ ಉಲ್ಲೇಖವನ್ನೂ ಎಣಿಸುವುದರಿಂದ, ಇಂಥದ್ದೇ ಇನ್ನೊಂದು ಲೇಖನಸೂಚಿಯಾದ ಸ್ಕೋಪಸ್‌ಗಿಂತ ಅಲ್ಲಿ ಅಂಕಿ ದೊಡ್ಡದೇ ಇರುತ್ತದೆ. ಈ ಗೊಂದಲಕ್ಕೆಂದೇ ಸಂಶೋಧಕರಿಗೆ ಆರ್ಕಿಡ್ ಎಂಬ 16 ಅಂಕಿಯ ಗುರುತುಸಂಖ್ಯೆ ಇದೆ.

ಇನ್ನು, ಸೈಟೇಶನ್ ಹೆಚ್ಚಿದ ಮಾತ್ರಕ್ಕೆ ಬರೆದದ್ದು ನಿಜವೆಂದೂ ಅಲ್ಲ. ಮೂಳೆಮಜ್ಜೆಯ ಕೋಶಗಳಿಂದ ಹಾಳಾದ ಹೃದಯದ ಸ್ನಾಯು ಮತ್ತೆ ಬೆಳೆಯುತ್ತದೆ ಎಂದು 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ ತಂಡದಲ್ಲಿ ಹೃದಯ ಸಂಶೋಧಕ ಪಿಯೆರೊ ಆನ್‌ವೆರ್ಸಾ ಇದ್ದರು. ಆ ಲೇಖನವನ್ನು ಜಗತ್ತೆಲ್ಲ ಉಲ್ಲೇಖಿಸಿತು. ಬೇರೆ ಪ್ರಯೋಗಾಲಯಗಳು ಮಾಡಿನೋಡಿದರೆ ಸ್ನಾಯು ಬೆಳೆಯಲಿಲ್ಲ. 2018ರಲ್ಲಿ, ಅವರು ಹಿಂದೆ ಕೆಲಸ ಮಾಡಿದ್ದ ಹಾರ್ವರ್ಡ್ ವೈದ್ಯಕೀಯ ಶಾಲೆಯೇ ಅವರ ಪ್ರಯೋಗಾಲಯದ 31 ಲೇಖನಗಳನ್ನು ಹಿಂಪಡೆಯಬೇಕೆಂದಿತು. ತಪ್ಪು ಎಂದು ತೋರಿಸಲು ಉಲ್ಲೇಖಿಸಿದರೂ ಅದು ಸೈಟೇಶನ್ನೇ ಅಲ್ಲವೇ!

ಹಾಗೆಂದು ಇನ್ನೊಬ್ಬರ ಖಾಲಿ ಪಟ್ಟಿಯನ್ನು ನೋಡಿ ಹಗುರಾಗಿ ಎಣಿಸಬೇಡಿ. ವೈದ್ಯಕೀಯ ಕಾಲೇಜಿನಲ್ಲಿ ಬಡ್ತಿಗೆ ಲೇಖನ ಬೇಕು, ಹಾಗಾಗಿ ಅಲ್ಲಿರುವವರು ಬರೆಯುತ್ತಾರೆ. ಖಾಸಗಿ ಆಸ್ಪತ್ರೆಯಲ್ಲಿ ಬೆಳಿಗ್ಗೆಯಿಂದ ಆಂಜಿಯೋಗ್ರಾಂ, ಸ್ಟೆಂಟ್ ಮಾಡುವ ಕ್ಯಾತ್ ಲ್ಯಾಬ್‌ನಲ್ಲಿ ನಿಂತವರಿಗೆ ಅದರ ಹಂಗಿಲ್ಲ. ಕೈಯ ಪಳಗಿಕೆಯನ್ನು ಅಳೆಯುವ ಇಂಡೆಕ್ಸ್ ಇನ್ನೂ ಬಂದಿಲ್ಲ.

ನಿಮಗೆ ಉಪಯೋಗಕ್ಕೆ ಬರುವುದು ಡಾಕ್ಟರರ ಸೈಟೇಶನ್ ಅಲ್ಲ, ತಂದೆಯಂಥವರ ಮೇಲೆಯೇ ನಡೆದ ಒಂದು ಅಧ್ಯಯನ. 2012ರ ಫ್ರೀಡಂ ಅಧ್ಯಯನದಲ್ಲಿ ಮಧುಮೇಹವೂ ಹಲವು ನಾಳಗಳಲ್ಲಿ ಬ್ಲಾಕ್‌ಗಳೂ ಇದ್ದ 1,900 ಮಂದಿಯಲ್ಲಿ ಸ್ಟೆಂಟ್‌ಗಿಂತ ಬೈಪಾಸ್ ಮಾಡಿಸಿಕೊಂಡವರಲ್ಲಿ ಸಾವು, ಹೃದಯಾಘಾತ ಕಡಿಮೆ. ಪಾರ್ಶ್ವವಾಯು ಮಾತ್ರ ಹೆಚ್ಚು. ಇಬ್ಬರ ಬಳಿಯೂ ಇದನ್ನೇ ಕೇಳಿ: “ಇವರಿಗೆ ಸ್ಟೆಂಟೋ ಬೈಪಾಸೋ? ಯಾಕೆ? ಸರ್ಜನ್ ಹತ್ತಿರವೂ ಮಾತಾಡಿದ್ದೀರಾ?” ಹೋಗುವಾಗ ಬರೀ ವರದಿ ಹಿಡಿದು ಹೋಗಬೇಡಿ, ಆಂಜಿಯೋಗ್ರಾಂನ ಸಿಡಿ ಕೇಳಿ ಪಡೆದುಕೊಳ್ಳಿ. ಅದಿಲ್ಲದೆ ಎರಡನೆಯ ಡಾಕ್ಟರರಿಗೆ ಹೇಳಲು ಹೆಚ್ಚೇನೂ ಇರುವುದಿಲ್ಲ.