ಅಡಿಕೆ ಬೀಜ ಒಣಗಿಸಬೇಡಿ

ಪ್ರಶ್ನೆ: ಊರಿಂದ ತಂದ ಹಣ್ಣಡಿಕೆಯನ್ನು ಹದಿನೈದು ದಿನ ಬಿಸಿಲಲ್ಲಿ ಒಣಗಿಸಿ, ಸಿಪ್ಪೆ ಸುಲಿದು, ತಾರಸಿಯ ಕುಂಡದಲ್ಲಿ ಊರಿದೆವು. ಎರಡೂವರೆ ತಿಂಗಳಾಯಿತು, ಒಂದೂ ಮೊಳೆತಿಲ್ಲ. ಇನ್ನೂ ಕಾಯಬೇಕೇ?

ಉತ್ತರ: ಕಾಯಬೇಡಿ, ಹೊಸ ಹಣ್ಣು ತನ್ನಿ. ಅವರೆ, ಹುರುಳಿಯ ಬೀಜ ಒಣಗಿದಷ್ಟೂ ಬಾಳುತ್ತದೆ. ಅಡಿಕೆಯದು ತೇವ ಆರಿದರೆ ಒಳಗಿನ ಭ್ರೂಣವೇ ಸಾಯುತ್ತದೆ. ಆಮೇಲೆ ನೆನೆಸಿ ಪ್ರಯೋಜನವಿಲ್ಲ. ಸಿಪ್ಪೆಯನ್ನೂ ಸುಲಿಯಬಾರದು, ತೇವ ಹಿಡಿದಿಡುವುದು ಅದೇ.

ಹತ್ತು ವರ್ಷ ದಾಟಿದ, ಚೆನ್ನಾಗಿ ಫಸಲು ಕೊಡುವ ಮರದಿಂದ ಪೂರ್ತಿ ಹಣ್ಣಾದ, 35 ಗ್ರಾಂ ಮೀರಿದ ಕಾಯಿ ಆರಿಸಿ. ಬಕೆಟ್ ನೀರಿಗೆ ಹಾಕಿ ನೋಡಿ: ತೊಟ್ಟು ಮೇಲಾಗಿ ನೆಟ್ಟಗೆ ತೇಲುವ ಕಾಯಿಯ ಸಸಿ ಹೆಚ್ಚು ದೃಢ. ಅಡ್ಡ ಮಲಗುವುದನ್ನು ಬಿಡಿ.

ಕೊಯ್ದ ಕೂಡಲೇ ಊರುವುದು ಒಳ್ಳೆಯದು. ತಳದಲ್ಲಿ ತೂತಿರುವ ಅಗಲದ ಕುಂಡಕ್ಕೆ ಮರಳು ತುಂಬಿ, 5 ಸೆಂ.ಮೀ. ಅಂತರದಲ್ಲಿ, ತೊಟ್ಟು ಮೇಲೆ ಬರುವಂತೆ ಇಟ್ಟು, ಕಾಯಿ ಮುಚ್ಚುವಷ್ಟು ಮಾತ್ರ ಮರಳು ಹಾಕಿ. ಮೊಳಕೆ ಬರುವುದು ತೊಟ್ಟಿನ ಬದಿಯಿಂದ. ತಲೆಕೆಳಗಾಗಿ ಇಟ್ಟರೆ ಅದು ಬಳಸಿಕೊಂಡು ಮೇಲೇರಬೇಕು, ಸಸಿ ಸೊಟ್ಟಗಾಗುತ್ತದೆ. ಮೇಲೆ ಹುಲ್ಲು ಹೊದಿಸಿ, ಅರೆನೆರಳಲ್ಲಿಟ್ಟು ದಿನಾ ನೀರು ಕೊಡಿ. ಕುಂಡದಲ್ಲಿ ನೀರು ನಿಂತರೆ ಕೊಳೆಯುತ್ತದೆ, ಒಂದೆರಡು ದಿನ ಮರೆತರೆ ಮೊಳಕೆಯ ತುದಿ ಒಣಗುತ್ತದೆ. ಸುಮಾರು 40–45 ದಿನಕ್ಕೆ ಮೊಳಕೆ ಶುರು. ಚಳಿಗಾಲದಲ್ಲಿ ತಡವಾಗಬಹುದು, ಮರಳು ಕೆದಕಿ ನೋಡುವುದು ಮಾತ್ರ ಬೇಡ, ಎಳೆ ಬೇರು ಮುರಿಯುತ್ತದೆ.

ಮೂರು ತಿಂಗಳಿಗೆ ಎರಡು-ಮೂರು ಎಲೆ ಬಂದಾಗ 25×15 ಸೆಂ.ಮೀ. ಪ್ಲಾಸ್ಟಿಕ್ ತೊಟ್ಟೆಗೆ ದಾಟಿಸಿ. ಏಳು ಪಾಲು ಮೇಲ್ಮಣ್ಣು, ಮೂರು ಪಾಲು ಕೊಟ್ಟಿಗೆ ಗೊಬ್ಬರ, ಎರಡು ಪಾಲು ಮರಳು ಸಾಕು. ಬುಡದಲ್ಲಿ ಅಂಟಿರುವ ಕಾಯಿಯನ್ನು ಕೀಳಬೇಡಿ. ಸಸಿ ಇನ್ನೂ ಅದರ ಆಹಾರವನ್ನೇ ಉಣ್ಣುತ್ತಿರುತ್ತದೆ. ನೇರ ಬಿಸಿಲಿಗೂ ಇಡಬೇಡಿ, ಎಲೆ ಸುಡುತ್ತದೆ.

ಪ್ರಶ್ನೆ: ಬೈನೆ (ತಾಳೆಯ ಜಾತಿಯ ಮರ) ಹಣ್ಣು ತೊಳೆಯುವಾಗ ಕೈ ವಿಪರೀತ ತುರಿಸಿತು. ಬೀಜ ಬಿಡಿಸುವುದು ಹೇಗೆ?

ಉತ್ತರ: ತಿರುಳಿನಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ, ಅವು ಚರ್ಮಕ್ಕೆ ಚುಚ್ಚುತ್ತವೆ. ರಬ್ಬರ್ ಕೈಗವಸು ಹಾಕಿಕೊಳ್ಳಿ, ಕಣ್ಣು ಮುಟ್ಟಬೇಡಿ, ಮಕ್ಕಳನ್ನು ದೂರವಿಡಿ. ಎರಡು-ಮೂರು ದಿನ ನೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ, ಮೆತ್ತಗಾದ ತಿರುಳನ್ನು ಮರಳಿನೊಂದಿಗೆ ಉಜ್ಜಿ ತೆಗೆಯಿರಿ. ತಿರುಳು ಉಳಿದರೆ ಬೂಸ್ಟು ಹಿಡಿಯುತ್ತದೆ. ಹಿಂಡಿದರೆ ನೀರು ತೊಟ್ಟಿಕ್ಕದಷ್ಟೇ ಒದ್ದೆಯಾದ ತೆಂಗಿನ ನಾರಿನ ಪುಡಿಯಲ್ಲಿ ಬೀಜ ಹೂತು, ಬೆಚ್ಚಗಿನ ಜಾಗದಲ್ಲಿಡಿ. ಮೂರು-ನಾಲ್ಕು ತಿಂಗಳು ಹಿಡಿಯುವುದು ಸಹಜ.